ಗುಬ್ಬಿ ವೀರಣ್ಣನವರ ಋಣ

ಕನ್ನಡ ರಂಗಭೂಮಿಯ ಹಿರಿಯರನ್ನು ನೆನೆಯುವ ಸಭೆಗಳಲ್ಲಿ ಹಾರತುರಾಯಿಗಳಿಗಾಗಲಿ ಬಿರುದುಬಾವಲಿಗಳಿಗಾಗಲಿ ನಮ್ಮಲ್ಲಿ ಎಂದೂ ಕೊರತೆಯಿಲ್ಲ. ಆದರೆ ಆ ಹಿರಿಯರು ಯಾವ ಹಣದಿಂದ ನಾಟಕವಾಡಿದರು, ಮಳೆ ಹಿಡಿದು ಆಟ ನಿಂತ ದಿನ ತಮ್ಮನ್ನು ನಂಬಿದವರಿಗೆ ಅನ್ನವನ್ನು ಹೇಗೆ ಒದಗಿಸಿದರು ಎಂಬ ಲೆಕ್ಕವನ್ನು ಕೇಳುವವರು ವಿರಳ. ಈ ಲೆಕ್ಕವನ್ನು ನೋಡದೆ ಕನ್ನಡ ರಂಗಸಂಗೀತದ ಚರಿತ್ರೆಯು ಪೂರ್ಣವಾಗದೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ತುಮಕೂರಿನ ಉಪ್ಪಾರಹಳ್ಳಿಯಿಂದ ಗುಬ್ಬಿಯು ಸುಮಾರು ೨೦ ಕಿಲೋಮೀಟರುಗಳಷ್ಟು ಮಾತ್ರ ದೂರ. ಆ ಪುಟ್ಟ ಊರಿನ ಹೆಸರನ್ನು ದಕ್ಷಿಣ ದೇಶಕ್ಕೆಲ್ಲ ಪರಿಚಯ ಮಾಡಿಸಿದ ವೀರಣ್ಣನವರ ಜೀವಿತವೇ ಸಾಕು.

ಗುಬ್ಬಿಯ ಕಲಾಸಕ್ತರು ಊರಿನ ಚನ್ನಬಸವೇಶ್ವರಸ್ವಾಮಿಯ ಹೆಸರಿನಲ್ಲಿ ನಾಟಕ ಸಂಘವನ್ನು ಸ್ಥಾಪಿಸಿದುದು ೧೮೮೪ರಲ್ಲಿ. ವೀರಣ್ಣನವರು ಅದೇ ತಾಲ್ಲೂಕಿನಲ್ಲಿ ೧೮೯೧ರಲ್ಲಿ ಜನಿಸಿದರು. ಅಕ್ಷರ ತಿದ್ದುವ ವಯಸ್ಸಿನಲ್ಲಿಯೇ ಬಾಲಪಾತ್ರಧಾರಿಯಾಗಿ ಸಂಘವನ್ನು ಸೇರಿ, ಅಲ್ಲಿಯೇ ಬೆಳೆದು, ಹಾಸ್ಯನಟರೆಂದು ಖ್ಯಾತರಾದರು. ಸದಾರಮೆ ನಾಟಕದ ಕಳ್ಳನ ಪಾತ್ರವಂತೂ ಅವರ ಹೆಸರಿಗೇ ಅಂಟಿಕೊಂಡಿತು. ೧೯೧೭ರಲ್ಲಿ ಕಂಪನಿಯ ಒಡೆತನವು ಅವರಿಗೆ ಬಂದಿತು. ಅಂದಿನಿಂದ ನಟನ ಕೀರ್ತಿಯೊಡನೆ ಯಜಮಾನನ ಹೊಣೆಯೂ ಅವರ ಹೆಗಲೇರಿತು.

ಆ ಹೊಣೆ ಎಂತಹುದೆಂಬುದನ್ನು ಇಂದಿನ ವಾಚಕರು ಅರಿಯಬೇಕು. ಕಂಪನಿ ನಾಟಕವೆಂದರೆ ಆಗ ಮಾತಿಗಿಂತ ಸಂಗೀತವೇ ಮುಂದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಹಾರ್ಮೋನಿಯಂ ತಬಲಗಳ ನಾದವನ್ನೂ ಮೀರಿ, ಕಟ್ಟಕಡೆಯ ಪ್ರೇಕ್ಷಕನಿಗೂ ಕೇಳುವಂತೆ ಬೆಳಗಿನ ಜಾವದವರೆಗೆ ಹಾಡಬೇಕು. ವನ್ಸ್ ಮೋರ್ ಎಂದು ಜನರು ಕೂಗಿದರೆ ಅದೇ ಪದವನ್ನು ಮರಳಿ ಹಾಡಬೇಕು. ಕಂಠವೇ ನಟನ ಬಂಡವಾಳ. ಗಂಟಲು ಕೆಟ್ಟರೆ ಪಾತ್ರ ಹೋಯಿತು. ಪಾತ್ರ ಹೋದರೆ ಸಂಬಳ ಹೋಯಿತು. ಯಜಮಾನನ ಸ್ಥಿತಿಯೂ ಇದಕ್ಕಿಂತ ಸುಭದ್ರವಾದುದಲ್ಲ. ನೆಲಬಾಡಿಗೆ, ರೈಲು ಸಾಗಾಣಿಕೆ, ಪರದೆ, ಉಡುಪು, ಇಡೀ ಪರಿವಾರದ ಊಟ, ಇವೆಲ್ಲವೂ ದಿನದ ಕಲೆಕ್ಷನ್ನಿನಿಂದಲೇ ನಡೆಯಬೇಕು. ಮಳೆಯಾಗಲಿ ಪ್ಲೇಗಾಗಲಿ ಬಂದರೆ ಕಲೆಕ್ಷನ್ ನಿಲ್ಲುವುದು, ಒಲೆ ನಿಲ್ಲುವಂತಿಲ್ಲ.

ಇಂತಹ ಕಸಬಿನಲ್ಲಿ ಕೈಗೆ ಬಂದುದನ್ನು ಗಂಟು ಕಟ್ಟಿಡುವವನು ಜಾಣನೆನಿಸಿಕೊಳ್ಳುವನು. ವೀರಣ್ಣನವರು ಆ ಜಾಣತನಕ್ಕೆ ಒಲಿದವರಲ್ಲ. ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ರಂಗಕ್ಕೆ ತಂದರು. ಬಾಲಕರಿಗಾಗಿ ಪ್ರತ್ಯೇಕ ಶಾಖೆಯನ್ನು ಕಟ್ಟಿದರು. ೧೯೩೪ರ ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿದರು. ಚಲನಚಿತ್ರವೆಂಬುದು ನಮ್ಮಲ್ಲಿ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಬೆಂಗಳೂರಿನಲ್ಲಿ ಹರಿಮಾಯಾ ಮೊದಲಾದ ಮೂಕಚಿತ್ರಗಳನ್ನು ತಯಾರಿಸಿದರು. ಆದರೆ ೧೯೩೧ರಲ್ಲಿ ಭಾರತದಲ್ಲಿ ಮಾತನಾಡುವ ಚಿತ್ರ ಬಂದೊಡನೆ ಮೂಕಚಿತ್ರದ ಮಾರುಕಟ್ಟೆಯೇ ಕುಸಿಯತೊಡಗಿ, ಆ ಉದ್ಯಮವು ನೆಲೆನಿಲ್ಲಲಿಲ್ಲ. ಆದರೂ ಅವರು ಕೈಚೆಲ್ಲಲಿಲ್ಲ. ಸುಭದ್ರಾ, ಜೀವನ ನಾಟಕ, ಹೇಮರೆಡ್ಡಿ ಮಲ್ಲಮ್ಮ ಮುಂತಾದ ವಾಕ್ಚಿತ್ರಗಳಿಗೆ ಮುಂದಾದರು. ರಂಗದ ಗಳಿಕೆ ಹೊಸ ಸಾಹಸಕ್ಕೆ, ಆ ಸಾಹಸದ ನಷ್ಟ ಮತ್ತೆ ರಂಗದ ತಲೆಗೆ: ಇದು ನಮ್ಮ ಕಲೆಯ ಮೊದಲಿಗರೆಲ್ಲರ ಬಾಳಿನ ಜಮಾಖರ್ಚು.

ಈ ಖರ್ಚಿನಿಂದ ನಾಡಿಗೆ ದೊರೆತುದೇನು? ಬಿ. ಜಯಮ್ಮನವರು, ಹೊನ್ನಪ್ಪ ಭಾಗವತರು ಮೊದಲಾದ ಗಾಯಕ ನಟರನ್ನು ಚಲನಚಿತ್ರವು ಪಡೆದುದು ಈ ಕಂಪನಿಯಿಂದ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅವರ ಮಗ ಮುತ್ತುರಾಜರೂ ಇದೇ ರಂಗದಲ್ಲಿ ಪಳಗಿದವರು. ೧೯೫೪ರಲ್ಲಿ ಗುಬ್ಬಿ ಸಂಸ್ಥೆಯು ಪಾಲುಗೊಂಡು ತಯಾರಿಸಿದ ಬೇಡರ ಕಣ್ಣಪ್ಪ ಚಿತ್ರದಲ್ಲಿ ಆ ಮುತ್ತುರಾಜರೇ ರಾಜಕುಮಾರರಾದರು. ಮುಂದೆ ಅವರು ಹಿನ್ನೆಲೆ ಗಾಯಕರನ್ನು ಬಿಟ್ಟು ತಮ್ಮ ಹಾಡುಗಳನ್ನು ತಾವೇ ಹಾಡಿದಾಗ ಕನ್ನಡಿಗರು ಕೇಳಿದುದು ಕಂಪನಿಯಲ್ಲಿ ಹದಗೊಂಡ ಕಂಠವನ್ನೇ. ಬಾಲ್ಯದಲ್ಲಿ ಕಂಪನಿಗೆ ಬಂದು ಸೇರಿದ ಬಿ. ವಿ. ಕಾರಂತರನ್ನು ವೀರಣ್ಣನವರು ಉಚ್ಚ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿದರು. ಆಧುನಿಕ ರಂಗಸಂಗೀತಕ್ಕೆ ಹೊಸ ಹಾದಿಯನ್ನು ತೋರಿಸಿದವರು, ೧೯೮೯ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದವರು ಅದೇ ಕಾರಂತರು. ಯಾವ ಸರ್ಕಾರದ ಅನುದಾನವನ್ನೂ ಕಾಯದೆ ಒಂದು ನಾಟಕ ಕಂಪನಿಯು ಪಾಠಶಾಲೆಯ ಕೆಲಸವನ್ನೂ ವಿದ್ಯಾರ್ಥಿವೇತನದ ಕೆಲಸವನ್ನೂ ಮಾಡಿತು.

ರಾಷ್ಟ್ರವು ವೀರಣ್ಣನವರಿಗೆ ೧೯೭೨ರಲ್ಲಿ ಪದ್ಮಶ್ರೀಯನ್ನಿತ್ತಿತು. ಅದೇ ವರ್ಷ ಅವರು ದಿವಂಗತರಾದರು. ಇಂದು ತುಮಕೂರಿನ ಕಲಾಕ್ಷೇತ್ರಕ್ಕೂ ರಾಜ್ಯದ ಒಂದು ರಂಗಪ್ರಶಸ್ತಿಗೂ ಅವರ ಹೆಸರಿದೆ. ಇದು ಸಂತೋಷದ ಸಂಗತಿ. ಆದರೆ ಹೆಸರಿಟ್ಟ ಮಾತ್ರಕ್ಕೆ ಋಣವು ತೀರಿತೆಂದು ಭಾವಿಸುವುದು ಸರಿಯಲ್ಲ.

ಏಕೆಂದರೆ ವೀರಣ್ಣನವರಿಗೆ ಕೀರ್ತಿಯಾದರೂ ದಕ್ಕಿತು. ಅವರ ಪಕ್ಕದಲ್ಲಿ ನಿಂತು ಹಾಡಿದವರಿಗೆ, ಪೆಟ್ಟಿಗೆ ನುಡಿಸಿದವರಿಗೆ, ಮಟ್ಟು ಹಾಕಿದವರಿಗೆ ಅದೂ ದಕ್ಕಲಿಲ್ಲ. ನಮ್ಮ ಹಕ್ಕುಸ್ವಾಮ್ಯದ ಕಾನೂನು ೧೯೫೭ರದು. ಹಾಡುವವನಿಗೂ ಒಂದು ಹಕ್ಕುಂಟೆಂದು ಆ ಕಾನೂನು ಒಪ್ಪಿದುದು ೧೯೯೪ರ ತಿದ್ದುಪಡಿಯಲ್ಲಿ. ವಾಣಿಜ್ಯ ಬಳಕೆಯಿಂದ ಬರುವ ರಾಯಧನದಲ್ಲಿ ಅವನಿಗೆ ಪಾಲುಂಟೆಂದು ಹೇಳಿದುದು ೨೦೧೨ರಲ್ಲಿ. ಅಷ್ಟು ಹೊತ್ತಿಗೆ ಕಂಪನಿಗಳ ವೈಭವದ ದಿನಗಳು ಕಳೆದು, ಹಾಡಿದವರಲ್ಲಿ ಬಹುಮಂದಿ ಕಾಲವಾಗಿದ್ದರು. ಕಾನೂನು ತಲುಪದ ಕಡೆಗೆ ಸಮಾಜದ ಕೃತಜ್ಞತೆಯಾದರೂ ತಲುಪಬೇಡವೆ?

ಆದುದರಿಂದ ನಮ್ಮ ಸೂಚನೆಯು ಸರಳವಾದುದು. ತುಮಕೂರು, ಗುಬ್ಬಿ, ಕುಣಿಗಲುಗಳ ಅಧಿಕಾರಿಗಳೂ ಸಂಘಸಂಸ್ಥೆಗಳೂ ಕೂಡಿ ಕಂಪನಿ ನಾಟಕದ ಹಳೆಯ ಹಾಡುಗಾರರ, ವಾದ್ಯಗಾರರ ಪಟ್ಟಿಯೊಂದನ್ನು ಮಾಡಲಿ. ಅವರ ನೆನಪಿನಲ್ಲಿರುವ ಮಟ್ಟುಗಳನ್ನು ಸಂಭಾವನೆ ಕೊಟ್ಟು ಧ್ವನಿಮುದ್ರಿಸಿಕೊಳ್ಳಲಿ. ಮಾಸಾಶನಕ್ಕೆ ಅರ್ಹರಾದವರ ಅರ್ಜಿಗಳು ಕಡತಗಳಲ್ಲಿ ಮುದುಡಿ ಬೀಳದಂತೆ ನೋಡಿಕೊಳ್ಳಲಿ. ವೀರಣ್ಣನವರ ಹೆಸರಿನ ಮಂದಿರದಲ್ಲಿ ವೃತ್ತಿ ಕಂಪನಿಗಳಿಗೆ ಕೈಗೆಟುಕುವ ಬಾಡಿಗೆಗೆ ವರ್ಷದಲ್ಲಿ ಕೆಲವು ದಿನಗಳನ್ನು ಮೀಸಲಿಡಲಿ. ವಾಚಕ ಮಹಾಶಯರೂ ಉಚಿತ ಪಾಸುಗಳನ್ನು ಕೇಳದೆ ಟಿಕೆಟು ಕೊಂಡು ನಾಟಕ ನೋಡುವ ಅಭ್ಯಾಸವನ್ನಿಟ್ಟುಕೊಳ್ಳಲಿ. ಚಪ್ಪಾಳೆಯಿಂದ ಕಲಾವಿದನ ಮನಸ್ಸು ತುಂಬೀತು, ಹೊಟ್ಟೆ ತುಂಬದು.