ಧರ್ಮದರ್ಶಿ ವರ್ತಕ ಜಮನಾಲಾಲ್ ಬಜಾಜ್

ನಾಗಪುರವೆಂದೊಡನೆ ಕನ್ನಡಿಗರ ನೆನಪಿಗೆ ಬರುವುದು 1920ರ ಡಿಸೆಂಬರಿನಲ್ಲಿ ಅಲ್ಲಿ ಜರುಗಿದ ಕಾಂಗ್ರೆಸ್ ಅಧಿವೇಶನ. ಭಾಷಾನುಗುಣವಾಗಿ ಪ್ರಾಂತ ಸಮಿತಿಗಳನ್ನು ರಚಿಸುವ ನಿರ್ಧಾರಕ್ಕೆ ಆ ಅಧಿವೇಶನ ಮುದ್ರೆಯೊತ್ತಿತು. ಕರ್ನಾಟಕಕ್ಕೆ ತನ್ನದೇ ಆದ ಪ್ರದೇಶ ಕಾಂಗ್ರೆಸ್ ಸಮಿತಿ ದೊರೆತದ್ದು ಅದರ ಫಲವಾಗಿ. ಆ ಆಸೆಯನ್ನು ಹೊತ್ತು ದೊಡ್ಡ ಸಂಖ್ಯೆಯಲ್ಲಿ ನಾಗಪುರಕ್ಕೆ ತೆರಳಿದ್ದ ಕನ್ನಡ ಪ್ರತಿನಿಧಿಗಳನ್ನು ಬರಮಾಡಿಕೊಂಡ ಸ್ವಾಗತ ಸಮಿತಿಯ ಅಧ್ಯಕ್ಷರು ಹೆಸರಾಂತ ವಕೀಲರಲ್ಲ, ವಾಗ್ಮಿಯೂ ಅಲ್ಲ. ನಾಗಪುರದಿಂದ ಸುಮಾರು 75 ಕಿಲೋಮೀಟರ್ ದೂರದ ವರ್ಧಾ ಎಂಬ ಸಣ್ಣ ಊರಿನ ವರ್ತಕರು, ಆಗಿನ್ನೂ 31ರ ಪ್ರಾಯದವರು. ಅವರೇ ಸೇಠ್ ಜಮನಾಲಾಲ್ ಬಜಾಜ್.

ಜಮನಾಲಾಲರ ಜನನ 1889ರ ನವೆಂಬರ್ 4ರಂದು, ರಾಜಸ್ಥಾನದ ಸೀಕರ್ ಪ್ರದೇಶದ ಕಾಶೀ ಕಾ ಬಾಸ್ ಎಂಬ ಹಳ್ಳಿಯಲ್ಲಿ. ತಂದೆ ಕನೀರಾಮ್, ತಾಯಿ ಬಿರ್ದೀಬಾಯಿ. ಮರುಭೂಮಿಯ ಅಂಚಿನ ಬಡ ಕುಟುಂಬ. ವರ್ಧಾದಲ್ಲಿ ವ್ಯಾಪಾರ ಮಾಡಿ ಶ್ರೀಮಂತರಾಗಿದ್ದ ಬಚ್ಛರಾಜ್ ಬಜಾಜರು ತಮ್ಮ ವಂಶಕ್ಕೊಬ್ಬ ಮೊಮ್ಮಗನನ್ನು ಬಯಸಿ, ಐದರ ಆಸುಪಾಸಿನ ಈ ಬಾಲಕನನ್ನು ದತ್ತು ಪಡೆದರು. ಮಗನನ್ನು ಒಪ್ಪಿಸಿದ ಕನೀರಾಮರು ಪ್ರತಿಫಲವಾಗಿ ಹಣವನ್ನು ಸ್ವೀಕರಿಸಲಿಲ್ಲವೆಂದೂ ನೀರಿಗಾಗಿ ಬವಣೆಪಡುತ್ತಿದ್ದ ತಮ್ಮ ಹಳ್ಳಿಗೊಂದು ಬಾವಿಯನ್ನು ತೋಡಿಸಿಕೊಡುವಂತೆ ಕೇಳಿದರೆಂದೂ ಆ ಮನೆತನದಲ್ಲಿ ನಡೆದುಬಂದಿರುವ ವೃತ್ತಾಂತ. ಹುಡುಗ ಮನೆಯಿಂದ ಹೊರಟ. ಊರಿಗೆ ಸಿಹಿನೀರು ಬಂತು.

ವರ್ಧಾದಲ್ಲಿ ಬಾಲಕನಿಗೆ ದೊರೆತ ಶಾಲಾಶಿಕ್ಷಣ ಅತ್ಯಲ್ಪ. ಹನ್ನೆರಡು ದಾಟುವ ಹೊತ್ತಿಗೆ, 1902ರಲ್ಲಿ, ಜಾವರಾದ ಜಾನಕೀದೇವಿಯವರೊಂದಿಗೆ ವಿವಾಹವಾಯಿತು. ಅಂಗಡಿ, ಲೇವಾದೇವಿ, ಹತ್ತಿಯ ವಹಿವಾಟುಗಳೇ ಅವರ ನಿಜವಾದ ಪಾಠಶಾಲೆ. ಆದರೂ ಕಿವಿ ಹೊರಜಗತ್ತಿನ ಕಡೆಗೆ ತೆರೆದಿತ್ತು. ತಿಲಕರ ಕೇಸರಿಯ ಹಿಂದಿ ಆವೃತ್ತಿಯನ್ನು ನಾಗಪುರದಿಂದ ಹೊರತರುವ ಸನ್ನಾಹ ನಡೆದಾಗ, ದಿನದ ಕೈಖರ್ಚಿಗೆಂದು ಕೊಡುತ್ತಿದ್ದ ಹಣದಲ್ಲಿ ಉಳಿಸಿಕೊಂಡಿದ್ದ ನೂರು ರೂಪಾಯಿಗಳನ್ನು ಅವರು ಆ ಪತ್ರಿಕೆಗೆ ನೀಡಿದರು.

ಅವರ ಬಾಳಿನ ಮೊದಲ ಪರೀಕ್ಷೆ ಹದಿನೇಳರ ಹರೆಯದಲ್ಲಿ ಎದುರಾಯಿತು. ಮದುವೆಯ ಸಮಾರಂಭವೊಂದಕ್ಕೆ ಆಭರಣ ತೊಟ್ಟು ಬರಬೇಕೆಂಬ ವಿಷಯದಲ್ಲಿ ಅಜ್ಜ ಸಿಟ್ಟಾಗಿ, ತಮ್ಮ ಸಿರಿಯನ್ನು ಎತ್ತಿ ಆಡಿದರು. ಮನನೊಂದ ತರುಣ, ಆ ಆಸ್ತಿಯ ಮೇಲೆ ತನಗೆ ಯಾವ ಹಕ್ಕೂ ಬೇಡವೆಂದು ಪತ್ರ ಬರೆದಿಟ್ಟು ಬರಿಗೈಯಲ್ಲಿ ಮನೆ ಬಿಟ್ಟರು. ಪಶ್ಚಾತ್ತಾಪಗೊಂಡ ಬಚ್ಛರಾಜರು ಹುಡುಕಿಸಿ, ಒಲಿಸಿ ಮರಳಿ ಕರೆತಂದರು. 1907ರಲ್ಲಿ ಅಜ್ಜ ತೀರಿಕೊಂಡಾಗ ಸಮಸ್ತ ಸಂಪತ್ತೂ ಜಮನಾಲಾಲರ ಪಾಲಿಗೆ ಬಂತು. ಆದರೆ ಒಮ್ಮೆ ತ್ಯಜಿಸಿದ್ದನ್ನು ತನ್ನದೆಂದು ಭಾವಿಸಲು ಅವರ ಮನಸ್ಸು ಒಪ್ಪಲಿಲ್ಲ. ಪಿತ್ರಾರ್ಜಿತವನ್ನು ಲೋಕದ ಸೊತ್ತೆಂದೇ ಎಣಿಸಿ, ಜೀವಮಾನದಲ್ಲಿ ಅದಕ್ಕಿಂತಲೂ ಹೆಚ್ಚಿನದನ್ನು ದಾನರೂಪದಲ್ಲಿ ಹಿಂದಿರುಗಿಸಿದರು. ಮುಂದೆ ಗಾಂಧೀಜಿ ಪ್ರತಿಪಾದಿಸಿದ ಧರ್ಮದರ್ಶಿತ್ವದ ತತ್ತ್ವಕ್ಕೆ ಈ ವರ್ತಕರ ಮನಸ್ಸು ಎಳೆಯ ವಯಸ್ಸಿನಲ್ಲಿಯೇ ಹದಗೊಂಡಿತ್ತೆಂಬುದಕ್ಕೆ ಈ ಪ್ರಸಂಗ ನಿದರ್ಶನ.

ಜಮನಾಲಾಲರ ಸಾರ್ವಜನಿಕ ಸೇವೆ ಮೊದಲು ಸ್ವಸಮಾಜದಲ್ಲಿಯೇ ಆರಂಭವಾಯಿತು. ಮಾರವಾಡಿ ಮಕ್ಕಳಿಗಾಗಿ ವರ್ಧಾದಲ್ಲಿ ವಿದ್ಯಾರ್ಥಿನಿಲಯವನ್ನೂ ಶಾಲೆಯನ್ನೂ ಕಟ್ಟಿ ಬೆಳೆಸಿದರು. ಸರ್ಕಾರ ಅವರನ್ನು ಗೌರವ ಮ್ಯಾಜಿಸ್ಟ್ರೇಟರನ್ನಾಗಿ ನೇಮಿಸಿತು, ರಾಯಬಹದ್ದೂರ್ ಪದವಿಯನ್ನಿತ್ತಿತು. ಆದರೆ ದಕ್ಷಿಣ ಆಫ್ರಿಕದಿಂದ 1915ರಲ್ಲಿ ಮರಳಿದ ಗಾಂಧೀಜಿಯವರ ನಡೆ ನುಡಿಗಳನ್ನು ಹತ್ತಿರದಿಂದ ಕಂಡ ಮೇಲೆ ಅವರ ದಾರಿ ಬೇರೆಯಾಯಿತು. ನಾಗಪುರ ಅಧಿವೇಶನದ ಸಂದರ್ಭದಲ್ಲಿಯೇ ಅವರು ತಮ್ಮನ್ನು ಐದನೆಯ ಮಗನಾಗಿ ಸ್ವೀಕರಿಸಬೇಕೆಂದು ಗಾಂಧೀಜಿಯವರಲ್ಲಿ ಬಿನ್ನವಿಸಿಕೊಂಡರು. ಬಾಲ್ಯದ ದತ್ತು ಹಿರಿಯರ ನಿರ್ಧಾರವಾಗಿತ್ತು. ಈ ದತ್ತು ಅವರದೇ ಆಯ್ಕೆ.

ಪುತ್ರತ್ವದ ಬೆಲೆಯನ್ನು ಅವರು ಸಂಪೂರ್ಣವಾಗಿ ತೆತ್ತರು. ರಾಯಬಹದ್ದೂರ್ ಪದವಿಯನ್ನು ಹಿಂದಿರುಗಿಸಿದರು. ಅಸಹಕಾರದ ಕರೆಗೆ ಓಗೊಟ್ಟು ವೃತ್ತಿ ತೊರೆದ ವಕೀಲರ ಕುಟುಂಬಗಳ ನೆರವಿಗೆ ಒಂದು ಲಕ್ಷ ರೂಪಾಯಿ ನೀಡಿದರು. ಕಾಂಗ್ರೆಸ್ಸಿನ ಕೋಶಾಧಿಕಾರಿಯ ಹೊಣೆಯನ್ನು ದೀರ್ಘಕಾಲ ನಿರ್ವಹಿಸಿದರು. 1921ರಲ್ಲಿ ವರ್ಧಾದಲ್ಲಿ ಆಶ್ರಮ ತೆರೆಯಿಸಿ, ಅದರ ನಡೆವಳಿಗೆ ವಿನೋಬಾ ಅವರನ್ನು ಬರಮಾಡಿಕೊಂಡರು. ಮನೆಯೂ ಅದೇ ವ್ರತಕ್ಕೆ ಒಳಪಟ್ಟಿತು. ಜಾನಕೀದೇವಿಯವರು ಆಭರಣಗಳನ್ನು ತ್ಯಜಿಸಿದರು, ಪರದೆಯನ್ನು ಕೈಬಿಟ್ಟರು, ಮನೆಯಲ್ಲಿದ್ದ ವಿದೇಶಿ ವಸ್ತ್ರಗಳನ್ನು ಬೆಂಕಿಗೊಪ್ಪಿಸಿ ಖಾದಿಯುಟ್ಟರು. ಹಿರಿಯ ಮಗಳ ವಿವಾಹ 1926ರಲ್ಲಿ ಸಾಬರಮತಿ ಆಶ್ರಮದಲ್ಲಿ, ಸಿರಿವಂತರ ಮದುವೆಯ ಯಾವ ಆಡಂಬರವೂ ಇಲ್ಲದೆ ನೆರವೇರಿತು. ಅನ್ಯರಿಗೆ ಹೇಳುವ ಮಾತನ್ನು ಮೊದಲು ತಮ್ಮ ಮನೆಯಲ್ಲಿ ನಡೆಸಿ ತೋರಬೇಕೆಂಬುದು ಅವರ ನಿಯಮ. ಆ ನಿಯಮದ ಭಾರವನ್ನು ಹೆಂಡತಿ ಮಕ್ಕಳೂ ಹೊರಬೇಕಾಗಿತ್ತೆಂಬುದನ್ನು ಮರೆಯಲಾಗದು.

1923ರ ನಾಗಪುರ ಧ್ವಜ ಸತ್ಯಾಗ್ರಹ ಅವರ ನೇತೃತ್ವವನ್ನು ದೇಶಕ್ಕೆ ಪರಿಚಯಿಸಿತು. ಗಾಂಧೀಜಿ ಆಗ ಯರವಡಾ ಸೆರೆಮನೆಯಲ್ಲಿದ್ದರು; ಚಳವಳಿಯಲ್ಲಿ ಮಂಕು ಕವಿದಿತ್ತು. ಸಿವಿಲ್ ಲೈನ್ಸ್ ಪ್ರದೇಶದಲ್ಲಿ ರಾಷ್ಟ್ರಧ್ವಜ ಹಿಡಿದು ಸಾಗುವುದನ್ನು ಅಧಿಕಾರಿಗಳು ನಿಷೇಧಿಸಿದಾಗ, ಮೇ 1ರಿಂದ ಸ್ವಯಂಸೇವಕರ ತಂಡಗಳು ದಿನವೂ ಹೊರಟು ಬಂಧನಕ್ಕೊಳಗಾದುವು. ಜೂನ್ ತಿಂಗಳಲ್ಲಿ ಜಮನಾಲಾಲರೂ ಬಂಧಿತರಾದರು. 18 ತಿಂಗಳ ಸೆರೆವಾಸ, 3,000 ರೂಪಾಯಿ ದಂಡ ವಿಧಿಸಲಾಯಿತು. ದಂಡ ತೆರಲು ಒಪ್ಪದ ಅವರ ಮೋಟಾರು ಜಪ್ತಿಯಾಯಿತು. ನಾಗಪುರದಲ್ಲಿ ಅದನ್ನು ಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಅವರ ಬಳಿಕ ವಲ್ಲಭಭಾಯಿ ಪಟೇಲರು ಚಳವಳಿಯನ್ನು ಮುನ್ನಡೆಸಿದರು. ಆಗಸ್ಟಿನಲ್ಲಿ ಧ್ವಜದ ಮೆರವಣಿಗೆ ಸಿವಿಲ್ ಲೈನ್ಸನ್ನು ಹಾದುಹೋಯಿತು; ಸತ್ಯಾಗ್ರಹಿಗಳ ಬಿಡುಗಡೆಯೂ ಆಯಿತು. ಹುಬ್ಬಳ್ಳಿಯಿಂದ ಹೋಗಿದ್ದ ಡಾ. ನಾ. ಸು. ಹರ್ಡೀಕರರ ಸ್ವಯಂಸೇವಕರು ನಾಗಪುರದ ಸೆರೆಮನೆಯಲ್ಲಿ ಕ್ಷಮೆ ಯಾಚಿಸದೆ ತೋರಿದ ಸ್ಥೈರ್ಯ ಅದೇ ವರ್ಷ ಹಿಂದುಸ್ತಾನಿ ಸೇವಾದಳದ ಹುಟ್ಟಿಗೆ ಪ್ರೇರಣೆಯಾಯಿತೆಂಬುದು ಕನ್ನಡಿಗರು ಹೆಮ್ಮೆಯಿಂದ ಸ್ಮರಿಸತಕ್ಕ ಸಂಗತಿ.

ಸರ್ಕಾರವನ್ನು ಎದುರಿಸುವುದಕ್ಕಿಂತ ಸ್ವಜನರನ್ನು ಎದುರಿಸುವುದು ಕಠಿನ. 1928ರ ಜುಲೈಯಲ್ಲಿ ತಮ್ಮ ಮನೆತನವೇ ಕಟ್ಟಿಸಿದ್ದ ವರ್ಧಾದ ಲಕ್ಷ್ಮೀನಾರಾಯಣ ದೇವಾಲಯದ ಬಾಗಿಲನ್ನು ಜಮನಾಲಾಲರು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆಸಿದರು. ಯಾವ ಸಮಾಜದ ಮಕ್ಕಳಿಗಾಗಿ ಶಾಲೆ ಕಟ್ಟಿದ್ದರೋ ಆ ಸಮಾಜದ ಸಂಪ್ರದಾಯಸ್ಥರೇ ವಿರೋಧಿಸಿದರು. ಅವರು ಹಿಂಜರಿಯಲಿಲ್ಲ, ತಮ್ಮ ಬಾವಿಗಳನ್ನೂ ಎಲ್ಲರಿಗೂ ಮುಕ್ತಗೊಳಿಸಿದರು. ಸಮಾಜಕ್ಕೆ ನಿಷ್ಠರಾಗಿರುವುದೆಂದರೆ ಅದರ ದೋಷಗಳಿಗೆ ನಿಷ್ಠರಾಗಿರುವುದಲ್ಲವೆಂಬುದನ್ನು ಅವರು ವಾದದಿಂದಲ್ಲ, ಆಚರಣೆಯಿಂದ ತಿಳಿಸಿದರು. ತಂದೆ ಮಗನನ್ನಿತ್ತು ಹಳ್ಳಿಗೆ ಬಾವಿ ಪಡೆದರು. ಮಗ ಬಾವಿಯ ನೀರು ಯಾರದೆಂಬ ಪ್ರಶ್ನೆಯನ್ನೇ ಎತ್ತಿದರು.

ಇಷ್ಟಾದರೂ ಅವರು ವ್ಯಾಪಾರವನ್ನು ಬಿಡಲಿಲ್ಲ. 1930ರ ದಶಕದಲ್ಲಿ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿದರು. ಉದ್ಯಮದ ತಳಹದಿಯನ್ನು ಭದ್ರಪಡಿಸಿದರು. ಗಳಿಕೆ ಪಾಪವಲ್ಲ, ಗಳಿಸಿದ್ದು ತನಗೊಬ್ಬನಿಗೇ ಎಂಬ ಭಾವ ಪಾಪವೆಂಬುದು ಅವರ ನಿಲುವಾಗಿತ್ತು. ಗಾಂಧೀಜಿ ವರ್ಧಾಕ್ಕೆ ಬಂದು ನೆಲಸಿದಾಗ ತಮ್ಮ ತೋಟದ ಮನೆಯನ್ನು ಗ್ರಾಮೋದ್ಯೋಗದ ಕಾರ್ಯಕ್ಕೆ ಬಿಟ್ಟುಕೊಟ್ಟರು, ಅದೇ ಮಗನವಾಡಿ. 1936ರಲ್ಲಿ ಗಾಂಧೀಜಿ ವಾಸಕ್ಕೆ ಆರಿಸಿಕೊಂಡ ಸೇಗಾಂವ್ ಗ್ರಾಮದಲ್ಲಿದ್ದ ಜಮೀನೂ ಇವರದೇ. ಮುಂದೆ ಆ ಗ್ರಾಮ ಸೇವಾಗ್ರಾಮವೆಂಬ ಹೆಸರು ಪಡೆಯಿತು. ಹೀಗೆ ಒಂದು ಹತ್ತಿಯ ಪೇಟೆ ರಾಷ್ಟ್ರದ ವಿಚಾರಕೇಂದ್ರವಾಯಿತು.

ಹುಟ್ಟೂರಿನ ಋಣವನ್ನೂ ಅವರು ಮರೆಯಲಿಲ್ಲ. 1939ರಲ್ಲಿ ಜಯಪುರ ಸಂಸ್ಥಾನದ ಪ್ರಜಾಮಂಡಲದ ಹೋರಾಟದಲ್ಲಿ ಬಂಧನ ಅನುಭವಿಸಿದರು. ವೈಯಕ್ತಿಕ ಸತ್ಯಾಗ್ರಹದ ಕಾಲದಲ್ಲಿ ಮತ್ತೆ ನಾಗಪುರದ ಸೆರೆಮನೆ ಸೇರಿದರು. ದೇಹ ಬಳಲಿತ್ತು. ಬಿಡುಗಡೆಯ ನಂತರ ಗೋಸೇವೆಯನ್ನು ಕೈಗೊಂಡು ವರ್ಧಾದ ಗೋಪುರಿಯ ಗುಡಿಸಲಲ್ಲಿ ವಾಸಿಸತೊಡಗಿದರು. 1942ರ ಫೆಬ್ರವರಿ 11ರಂದು, 53 ತುಂಬುವ ಮೊದಲೇ, ಹಠಾತ್ತಾಗಿ ನಿಧನರಾದರು. ಐದು ತಿಂಗಳ ಬಳಿಕ ಬ್ರಿಟಿಷರು ತೊಲಗಬೇಕೆಂಬ ನಿರ್ಣಯವನ್ನು ಕಾಂಗ್ರೆಸ್ ಕಾರ್ಯಸಮಿತಿ ಕೈಗೊಂಡದ್ದು ಅವರ ಊರಾದ ವರ್ಧಾದಲ್ಲಿಯೇ. ಜಾನಕೀದೇವಿಯವರು ಪತಿಯ ಕಾರ್ಯವನ್ನು ಮುಂದುವರಿಸಿದರು. 1956ರಲ್ಲಿ ಅವರಿಗೆ ಪದ್ಮವಿಭೂಷಣ ಸಂದಿತು.

ಜಮನಾಲಾಲರ ಹೆಸರು ಇಂದು ಉದ್ಯಮದೊಡನೆ ಹೆಚ್ಚಾಗಿ ಬೆಸೆದಿದೆ. ಆದರೆ ಅವರ ಬಾಳಿನ ತಿರುಳಿರುವುದು ಗಳಿಕೆಯ ಲೆಕ್ಕದಲ್ಲಲ್ಲ, ಆ ಗಳಿಕೆ ಯಾರಿಗೆ ಸೇರಿದ್ದೆಂಬ ವಿವೇಕದಲ್ಲಿ. ಸಣ್ಣ ಊರಿನ ವರ್ತಕರೊಬ್ಬರು ಮನೆ, ಸಮಾಜ, ದೇಶ ಈ ಮೂರಕ್ಕೂ ಸಮನಾಗಿ ಋಣಿಯಾಗಿ ಬಾಳಿದರು. ಆ ಋಣವನ್ನು ತೀರಿಸುವಾಗ ಮೊದಲ ಕಂತನ್ನು ಸದಾ ತಮ್ಮ ಮನೆಯಿಂದಲೇ ತೆಗೆದರು.