ಮತಿಯಾಸ್ ಝ್ಡಾರ್ಸ್ಕಿ

ಮತಿಯಾಸ್ ಝ್ಡಾರ್ಸ್ಕಿ (ಫೆಬ್ರವರಿ 25, 1856 – ಜೂನ್ 20, 1940) ಆಸ್ಟ್ರಿಯಾದ ಸ್ಕೀ ಪ್ರವರ್ತಕರು, ಶಿಕ್ಷಕರು ಹಾಗೂ ಹಿಮಕುಸಿತಗಳ ಆರಂಭಿಕ ಅಧ್ಯಯನಕಾರರಲ್ಲಿ ಒಬ್ಬರು. ಆಲ್ಪ್ಸ್ ಪರ್ವತಗಳ ಕಡಿದಾದ ಇಳಿಜಾರುಗಳಿಗೆ ಹೊಂದುವ ಸ್ಕೀ ತಂತ್ರವನ್ನು ರೂಪಿಸಿದ ಇವರು, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸ್ವತಃ ಹಿಮಕುಸಿತಕ್ಕೆ ಸಿಲುಕಿ ಬದುಕುಳಿದು, ಆ ವಿಷಯದ ಬಗ್ಗೆ 1929ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. (ಕನ್ನಡದಲ್ಲಿ ಹಿಮ ಸುರಿಯುವುದಕ್ಕೂ ಪರ್ವತದ ಮೇಲಿನ ಹಿಮರಾಶಿ ಕುಸಿದು ಜಾರುವುದಕ್ಕೂ ಹಿಮಪಾತ ಎಂಬ ಒಂದೇ ಪದ ಬಳಕೆಯಲ್ಲಿರುವುದರಿಂದ, ಎರಡನೆಯದನ್ನು ಇಲ್ಲಿ ಹಿಮಕುಸಿತ ಎಂದು ಕರೆಯಲಾಗಿದೆ.)

ಆರಂಭಿಕ ಜೀವನ

ಝ್ಡಾರ್ಸ್ಕಿಯವರು ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಮೊರಾವಿಯಾದ ಟ್ರೆಬಿಚ್ ಪಟ್ಟಣದ ಸಮೀಪದ ಕೊಝಿಖೊವಿಟ್ಸೆ ಗ್ರಾಮದಲ್ಲಿ ಜನಿಸಿದರು. ಈ ಪ್ರದೇಶ ಈಗ ಚೆಕ್ ಗಣರಾಜ್ಯದಲ್ಲಿದೆ. ಬಾಲ್ಯದಲ್ಲಿ ನಡೆದ ಅಪಘಾತವೊಂದರಲ್ಲಿ ಎಡಗಣ್ಣನ್ನು ಕಳೆದುಕೊಂಡರು. ಶಿಕ್ಷಕರಾಗಿ ತರಬೇತಿ ಪಡೆದು ಕೆಲಕಾಲ ಆ ವೃತ್ತಿಯಲ್ಲಿದ್ದರು; ಚಿತ್ರಕಲೆಯಲ್ಲಿಯೂ ಯಂತ್ರವಿಜ್ಞಾನದಲ್ಲಿಯೂ ಅವರಿಗೆ ಆಸಕ್ತಿ ಇತ್ತು. 1889ರ ಸುಮಾರಿಗೆ ಲೋವರ್ ಆಸ್ಟ್ರಿಯಾದ ಲಿಲಿಯೆನ್‌ಫೆಲ್ಡ್ ಬಳಿಯ ಹಾಬರ್ನ್‌ರೈಟ್ ಎಂಬ ಬೆಟ್ಟದ ಜಮೀನನ್ನು ಕೊಂಡು ಅಲ್ಲಿಯೇ ನೆಲೆಸಿದರು.

ಲಿಲಿಯೆನ್‌ಫೆಲ್ಡ್ ತಂತ್ರ

ನಾರ್ವೆಯ ಫ್ರಿಡ್ಯೋಫ್ ನಾನ್ಸೆನ್ 1888ರಲ್ಲಿ ಸ್ಕೀ ಮೇಲೆ ಗ್ರೀನ್‌ಲ್ಯಾಂಡನ್ನು ದಾಟಿದ ವೃತ್ತಾಂತವನ್ನು ಓದಿ ಝ್ಡಾರ್ಸ್ಕಿಯವರು ನಾರ್ವೆಯಿಂದ ಸ್ಕೀಗಳನ್ನು ತರಿಸಿಕೊಂಡರು. ಆ ಉದ್ದನೆಯ ಸ್ಕೀಗಳು ಏರಿಳಿತ ಕಡಿಮೆಯಿರುವ ನೆಲಕ್ಕೆ ಒಗ್ಗುವಂಥವು. ಹಾಬರ್ನ್‌ರೈಟ್‌ನ ಕಡಿದಾದ ಇಳಿಜಾರಿನಲ್ಲಿ ಅವುಗಳಿಂದ ತಿರುಗಲೂ ಆಗದು, ನಿಲ್ಲಲೂ ಆಗದು. ಕಲಿಸಲು ಗುರುಗಳು ಹತ್ತಿರದಲ್ಲಿ ಯಾರೂ ಇರಲಿಲ್ಲ. ಹಲವು ವರ್ಷ ಒಬ್ಬರೇ ಪ್ರಯೋಗ ನಡೆಸಿ ಸ್ಕೀಯನ್ನು ಗಿಡ್ಡಗೊಳಿಸಿದರು. ಹಿಮ್ಮಡಿ ಪಕ್ಕಕ್ಕೆ ಅಲುಗಾಡದಂತೆ ಪಾದವನ್ನು ಹಿಡಿದಿಡುವ ಲೋಹದ ಕಟ್ಟನ್ನೂ ರೂಪಿಸಿದರು. ಒಂದೇ ಕೋಲನ್ನು ಹಿಡಿದು, ಸ್ಕೀಯ ಹಿಂಬದಿಯನ್ನು ಹೊರಕ್ಕೆ ತಳ್ಳಿ, ವೇಗವನ್ನು ತಗ್ಗಿಸುತ್ತ ತಿರುವು ತೆಗೆದುಕೊಳ್ಳುವುದು ಅವರ ವಿಧಾನವಾಗಿತ್ತು. ಇದನ್ನು ವಿವರಿಸುವ ಅವರ ಪುಸ್ತಕ 1896ರ ಕೊನೆಯಲ್ಲಿ ಹೊರಬಂದು ಅನೇಕ ಮುದ್ರಣಗಳನ್ನು ಕಂಡಿತು.

ನಾರ್ವೆಯ ಪದ್ಧತಿಯ ಅನುಯಾಯಿಗಳು, ಮುಖ್ಯವಾಗಿ ಜರ್ಮನಿಯವರು, ಈ ತಂತ್ರವನ್ನು ಕಟುವಾಗಿ ಟೀಕಿಸಿದರು. ವಾದ ವರ್ಷಗಟ್ಟಲೆ ನಡೆಯಿತು. ಝ್ಡಾರ್ಸ್ಕಿಯವರೂ ಸೌಮ್ಯ ಸ್ವಭಾವದವರಲ್ಲ. ಎರಡು ಕೋಲುಗಳ ಬಳಕೆಯನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ, ಈ ಒಂದು ವಿಷಯದಲ್ಲಿ ಕಾಲ ಅವರ ವಿರುದ್ಧವಾಗಿ ತೀರ್ಪು ನೀಡಿತು. 1905ರಲ್ಲಿ ನಾರ್ವೆಯ ತಜ್ಞ ಹಾಸ್ಸಾ ಹೋರ್ನ್ ಲಿಲಿಯೆನ್‌ಫೆಲ್ಡ್‌ಗೆ ಬಂದು ತಂತ್ರವನ್ನು ಪರಿಶೀಲಿಸಿ ಮೆಚ್ಚುಗೆ ಸೂಚಿಸಿದರು. ಅದೇ ವರ್ಷದ ಮಾರ್ಚ್ 19ರಂದು ಮುಕೆನ್‌ಕೋಗೆಲ್ ಬೆಟ್ಟದಲ್ಲಿ ಝ್ಡಾರ್ಸ್ಕಿಯವರು ಏರ್ಪಡಿಸಿದ ಸ್ಪರ್ಧೆಯನ್ನು ಆಧುನಿಕ ಸ್ಲಾಲಮ್‌ನ ಆರಂಭವೆಂದು ಹಲವರು ಪರಿಗಣಿಸುತ್ತಾರೆ. ಅದರಲ್ಲಿ 85 ಗುರುತುದ್ವಾರಗಳಿದ್ದವು, 24 ಮಂದಿ ಪಾಲ್ಗೊಂಡಿದ್ದರು.

ಅವರು ಸಾವಿರಾರು ಜನರಿಗೆ ಶುಲ್ಕವಿಲ್ಲದೆ ಸ್ಕೀ ಕಲಿಸಿದರು. ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಅಲ್ಲಿಯವರೆಗೆ ಚಳಿಗಾಲದಲ್ಲಿ ಹೆಚ್ಚು ಜನ ಹೋಗದಿದ್ದ ಇಳಿಜಾರುಗಳು ಈಗ ಸಾಮಾನ್ಯರಿಗೂ ತೆರೆದುಕೊಂಡವು. ಪದರ ಪದರವಾಗಿ ಕುಳಿತ ಹಿಮ ಹಲಗೆಯಂತೆ ಒಡೆದು ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿಗಳ ಇಳಿಜಾರಿನಲ್ಲಿ. ನುರಿತ ಸ್ಕೀಗಾರರು ಬಯಸುವುದೂ ಬಹುಪಾಲು ಅಂಥ ನೆಲವನ್ನೇ. ಇಳಿಯುವವನ ಭಾರವೇ ಕೆಳಗಿನ ದುರ್ಬಲ ಪದರವನ್ನು ಮುರಿಯಲು ಸಾಕಾಗಬಹುದು.

1916ರ ಅಪಘಾತ

1915ರಲ್ಲಿ ಇಟಲಿ ಯುದ್ಧಕ್ಕಿಳಿದ ಮೇಲೆ ಆಲ್ಪ್ಸ್‌ನ ಶಿಖರಗಳೇ ರಣರಂಗವಾದವು. ಉಭಯ ಸೇನೆಗಳೂ ಚಳಿಗಾಲದುದ್ದಕ್ಕೂ ಪರ್ವತದ ಮೇಲೆಯೇ ಉಳಿದವು. ಗುಂಡಿಗೆ ಬಲಿಯಾದಂತೆಯೇ ಹಿಮಕುಸಿತಕ್ಕೂ ಸಾವಿರಾರು ಯೋಧರು ಬಲಿಯಾದರು. 1916ರ ಡಿಸೆಂಬರ್ 13ರಂದು ಮಾರ್ಮೊಲಾಡಾ ಪರ್ವತದಲ್ಲಿ ಒಂದೇ ಹಿಮಕುಸಿತ ಆಸ್ಟ್ರಿಯಾ ಪಡೆಯ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದಿತು.

ಝ್ಡಾರ್ಸ್ಕಿಯವರು ಆಸ್ಟ್ರಿಯಾ ಸೇನೆಗೆ ಪರ್ವತ ಸಂಚಾರದ ತರಬೇತುದಾರರೂ ಸಲಹೆಗಾರರೂ ಆಗಿದ್ದರು. 1916ರ ಫೆಬ್ರವರಿ 28ರಂದು, ಅರವತ್ತು ತುಂಬಿದ ಮೂರನೆಯ ದಿನ, ಕಾರ್ನಿಕ್ ಆಲ್ಪ್ಸ್‌ನಲ್ಲಿ ಹಿಮಕುಸಿತ ಅವರನ್ನು ಸೆಳೆದೊಯ್ದಿತು. ಹಿಮದಡಿಯಿಂದ ಹೊರತೆಗೆದಾಗ ಅವರ ದೇಹದಲ್ಲಿ ಮೂಳೆ ಮುರಿತ ಮತ್ತು ಕೀಲು ತಪ್ಪಿದ ಗಾಯಗಳು ಸುಮಾರು 80 ಇದ್ದವು. ಬದುಕುಳಿದರೂ ಮತ್ತೆ ನಡೆಯುವುದು ಸುಲಭವಾಗಿರಲಿಲ್ಲ. ತಮಗಾಗಿ ತಾವೇ ವ್ಯಾಯಾಮಗಳನ್ನು ರೂಪಿಸಿಕೊಂಡು, ದೀರ್ಘಕಾಲದ ಅಭ್ಯಾಸದಿಂದ ಅವರು ಮತ್ತೆ ಸ್ಕೀ ಮೇಲೆ ನಿಂತರು.

ಹಿಮಕುಸಿತದ ಅಧ್ಯಯನ

1929ರ ಗ್ರಂಥದಲ್ಲಿ ಅವರು ತಮ್ಮ ಅವಲೋಕನಗಳೊಂದಿಗೆ, ಹಿಮ ಮೈಮೇಲೆ ಬಂದಾಗ ಬೆಳಕು ನಂದಿದ್ದನ್ನೂ ದೇಹ ಅನುಭವಿಸಿದ ಒತ್ತಡವನ್ನೂ ದಾಖಲಿಸಿದ್ದಾರೆ. ಪ್ರಜ್ಞೆ ಇಟ್ಟುಕೊಂಡೇ ಅದನ್ನು ಅನುಭವಿಸಿ, ಬದುಕಿ ಬಂದು, ವಿವರವಾಗಿ ಬರೆದವರು ಆ ಕಾಲದಲ್ಲಿ ವಿರಳ. ಹಿಮದ ಪದರಗಳ ವ್ಯವಸ್ಥಿತ ಸಂಶೋಧನೆ ಸ್ವಿಟ್ಜರ್‌ಲ್ಯಾಂಡಿನಲ್ಲಿ ಬಲಗೊಂಡದ್ದು 1930ರ ದಶಕದಲ್ಲಿ. ಝ್ಡಾರ್ಸ್ಕಿಯವರ ಕೃತಿ ಅದಕ್ಕೂ ಮೊದಲಿನದು. ಅದರಲ್ಲಿ ಪ್ರಯೋಗಾಲಯದ ಅಳತೆಗಳಿಗಿಂತ ಕಣ್ಣಾರೆ ಕಂಡ ಸಂಗತಿಗಳಿಗೆ ಹೆಚ್ಚಿನ ಸ್ಥಾನವಿದೆ.

ಕೊನೆಯ ವರ್ಷಗಳು

ಝ್ಡಾರ್ಸ್ಕಿಯವರು 1940ರಲ್ಲಿ ಸಾಂಕ್ಟ್ ಪ್ಯೋಲ್ಟನ್ ನಗರದಲ್ಲಿ ನಿಧನರಾದರು. ಅವರ ನೆನಪಿನ ವಸ್ತುಸಂಗ್ರಹಾಲಯ ಲಿಲಿಯೆನ್‌ಫೆಲ್ಡ್‌ನಲ್ಲಿದೆ. ಪರ್ವತದಲ್ಲಿ ರಾತ್ರಿ ಸಿಲುಕಿದವರು ಗಾಳಿ-ಹಿಮದಿಂದ ರಕ್ಷಣೆಗೆ ಒಳಹೊಕ್ಕು ಕೂರಬಹುದಾದ ಹಗುರ ಬಟ್ಟೆಯ ಚೀಲವನ್ನೂ ಅವರು ರೂಪಿಸಿದ್ದರು. ಜರ್ಮನ್ ಭಾಷಿಕ ಪರ್ವತಾರೋಹಿಗಳಲ್ಲಿ ಅದಕ್ಕೆ ಅವರದೇ ಹೆಸರಿದೆ.