ಕಳೆದುಹೋದ ಬಾಲ್ಯ, ಮರಳಿ ಕರೆದ ಮಗುವಿನ ದನಿ

ಆಗಸ್ಟ್ 27ರಂದು ಸಂತ ಮೋನಿಕಮ್ಮನವರನ್ನೂ, ಮರುದಿನ 28ರಂದು ಅವರ ಮಗ ಸಂತ ಅಗಸ್ಟೀನರನ್ನೂ ಧರ್ಮಸಭೆಯು ಸ್ಮರಿಸುತ್ತದೆ. ತಾಯಿ ಮುಂದೆ, ಮಗ ಹಿಂದೆ. ಈ ಇಬ್ಬರ ಬದುಕಿನ ಕಥೆಯೂ ಹೀಗೆಯೇ ಸಾಗಿತು.

ಅಗಸ್ಟೀನರು ಕ್ರಿ.ಶ. 354ರಲ್ಲಿ ಇಂದಿನ ಅಲ್ಜೀರಿಯ ದೇಶದಲ್ಲಿರುವ ತಗಾಸ್ತೆ ಎಂಬ ಊರಿನಲ್ಲಿ ಜನಿಸಿದರು. ತಂದೆ ಪತ್ರೀಸಿಯುಸ್ ಆಗಿನ್ನೂ ಕ್ರೈಸ್ತರಾಗಿರಲಿಲ್ಲ, ತಾಯಿ ದೃಢವಿಶ್ವಾಸಿ. ಬಾಲಕನಾಗಿದ್ದಾಗ ಒಮ್ಮೆ ಹೊಟ್ಟೆಬೇನೆಯಿಂದ ಸಾವಿನಂಚಿಗೆ ಸರಿದ ಮಗ, ದೀಕ್ಷಾಸ್ನಾನ ಕೊಡಿಸೆಂದು ಬೇಡಿದ. ಆದರೆ ಗುಣವಾದೊಡನೆ ಅದನ್ನು ಮುಂದೂಡಲಾಯಿತು. ದೀಕ್ಷಾಸ್ನಾನದ ಬಳಿಕ ಮಾಡುವ ಪಾಪ ಹೆಚ್ಚು ಘೋರವೆಂಬ ಅಂಜಿಕೆ ಆ ಕಾಲದವರಲ್ಲಿತ್ತು.

ಹದಿನಾರನೆಯ ವಯಸ್ಸಿನಲ್ಲಿ, ಹಣವಿಲ್ಲದೆ ಓದು ನಿಂತು, ಅವರು ಮನೆಯಲ್ಲಿ ಕಾಲ ಕಳೆಯಬೇಕಾಯಿತು. ಒಂದು ರಾತ್ರಿ ಪೋಲಿ ಗೆಳೆಯರೊಡಗೂಡಿ ನೆರೆಯವರ ಮರಸೇಬಿನ ಮರವನ್ನು ಅಲುಗಿಸಿ ಹಣ್ಣು ಕದ್ದರು. ಹಸಿವಿರಲಿಲ್ಲ; ಅದಕ್ಕಿಂತ ಒಳ್ಳೆಯ ಹಣ್ಣು ಮನೆಯಲ್ಲಿಯೇ ಇತ್ತು. ಕದ್ದುದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು.

ಇಷ್ಟು ಚಿಕ್ಕ ತಪ್ಪನ್ನು ಅವರು ದೊಡ್ಡವರಾದ ಮೇಲೆ 'ಕನ್ಫೆಷನ್ಸ್' ಎಂಬ ತಮ್ಮ ಆತ್ಮಕಥನದಲ್ಲಿ ಪುಟಗಟ್ಟಲೆ ವಿಚಾರಿಸಿದ್ದಾರೆ. ಏಕೆ? ಅಲ್ಲಿ ಹಣ್ಣಿನ ಆಸೆಯಿರಲಿಲ್ಲ. ತಪ್ಪು ಮಾಡುವುದರಲ್ಲಿಯೇ ಸುಖವಿತ್ತು. ಒಂಟಿಯಾಗಿದ್ದರೆ ತಾವು ಅದನ್ನು ಮಾಡುತ್ತಿರಲಿಲ್ಲವೆಂಬುದನ್ನೂ ಅವರು ಕಂಡುಕೊಂಡರು. ಗೆಳೆಯರ ಮುಂದೆ ಒಳ್ಳೆಯವನಾಗಿರುವುದೇ ನಾಚಿಕೆಯೆನಿಸಿದಾಗ ಮುಗ್ಧತೆ ಜಾರಿಹೋಗುತ್ತದೆ.

ಮುಂದೆ ಕಾರ್ಥೇಜ್ ನಗರದಲ್ಲಿ ವಿದ್ಯೆ ಬೆಳೆಯಿತು, ಬದುಕು ಹಳಿ ತಪ್ಪಿತು. ಮದುವೆಯಿಲ್ಲದೆ ಒಬ್ಬಾಕೆಯೊಡನೆ ಬಾಳಿ, ಅದಿಯೊದಾತುಸ್ ಎಂಬ ಮಗನಿಗೆ ತಂದೆಯಾದರು. ಸುಮಾರು ಒಂಬತ್ತು ವರ್ಷ ಮಾನಿ ಪಂಥವನ್ನು ಅನುಸರಿಸಿದರು. ತಾಯಿಯ ಕಣ್ಣೀರು ಮಾತ್ರ ಬತ್ತಲಿಲ್ಲ. ಬೇರೊಂದು ಮದುವೆ ಗೊತ್ತಾದಾಗ ಬಹುಕಾಲ ಜೊತೆಗಿದ್ದ ಆ ಸ್ತ್ರೀಯನ್ನು ಆಫ್ರಿಕಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಆಕೆಯ ಹೆಸರನ್ನು ಅವರು ಎಲ್ಲಿಯೂ ಬರೆಯಲಿಲ್ಲ. ಹೃದಯಕ್ಕಾದ ಗಾಯವನ್ನು ಮಾತ್ರ ಬರೆದರು. ಸಂತರ ಕಥೆಯಲ್ಲಿ ಇದನ್ನು ಮುಚ್ಚಿಡಬೇಕಾಗಿಲ್ಲ. ಕೃಪೆಯು ನಿಜವಾದ ಪಾಪಿಯನ್ನೇ ಹುಡುಕಿ ಬರುತ್ತದೆ.

ಮಿಲಾನ್ ನಗರದಲ್ಲಿ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಪ್ರಬೋಧನೆಗಳು ಅವರ ಬುದ್ಧಿಯ ಸಂಶಯಗಳನ್ನು ಕರಗಿಸಿದವು. ಆದರೂ ಮನಸ್ಸು ಕದಲಲಿಲ್ಲ. 386ರಲ್ಲಿ ಒಂದು ದಿನ ತೋಟದ ಮರದಡಿ ಅಳುತ್ತಿದ್ದಾಗ, ಎತ್ತಿಕೊಂಡು ಓದುವಂತೆ ಹೇಳುವ ಮಗುವಿನ ರಾಗವೊಂದು ನೆರೆಮನೆಯ ಕಡೆಯಿಂದ ತೇಲಿಬಂದಿತು. ಸಂತ ಪೌಲರು ರೋಮನರಿಗೆ ಬರೆದ ಪತ್ರವನ್ನು ತೆರೆದು, ಕಣ್ಣಿಗೆ ಬಿದ್ದ ಸಾಲುಗಳನ್ನು ಓದಿದರು, ಕತ್ತಲು ಕಳೆಯಿತು. ಮರದ ಬುಡದಲ್ಲಿ ಬಾಲ್ಯವನ್ನು ಕಳೆದುಕೊಂಡವರನ್ನು ಮರದ ಬುಡದಲ್ಲಿಯೇ ಮಗುವಿನ ದನಿಯಿಂದ ಪ್ರಭು ಕರೆದರು.

387ರ ಪಾಸ್ಕ ಜಾಗರಣೆಯ ರಾತ್ರಿ, ಮಗ ಮತ್ತು ಗೆಳೆಯ ಅಲೀಪಿಯುಸರ ಜೊತೆಯಲ್ಲಿ, ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು. ಅದೇ ವರ್ಷ, ತನ್ನ ಪ್ರಾರ್ಥನೆ ಫಲಿಸಿದುದನ್ನು ಕಂಡ ಮೋನಿಕಮ್ಮ ಓಸ್ತಿಯಾದಲ್ಲಿ ಕಣ್ಮುಚ್ಚಿದರು. 391ರಲ್ಲಿ ಗುರುಪಟ್ಟ, ಅನಂತರ ಹಿಪ್ಪೊ ನಗರದ ಧರ್ಮಾಧ್ಯಕ್ಷ ಪದವಿ. 430ರಲ್ಲಿ ವಂಡಾಲರು ನಗರವನ್ನು ಮುತ್ತಿದ್ದಾಗ, ಪಶ್ಚಾತ್ತಾಪದ ಕೀರ್ತನೆಗಳನ್ನು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿಕೊಂಡು, ಅವನ್ನು ಓದುತ್ತಾ ಅಳುತ್ತಾ ಪ್ರಾಣ ಬಿಟ್ಟರು.

ಏನೂ ಅರಿಯದ ಬಾಲ್ಯಕ್ಕೆ ಯಾರೂ ಮರಳಲಾರರು. ಅಗಸ್ಟೀನರು ಪಡೆದ ಹೊಸ ಮುಗ್ಧತೆ ಬೇರೆಯದು: ತನ್ನ ತಪ್ಪನ್ನು ಮರೆಯದೆ, ಕ್ಷಮೆಯನ್ನು ನಂಬಿದವನ ಮುಗ್ಧತೆ ಅದು. ದಾರಿ ತಪ್ಪಿದ ಮಕ್ಕಳಿಗಾಗಿ ಅಳುವ ತಂದೆತಾಯಿಯರೇ, ಮಕ್ಕಳ ಗೆಳೆತನಗಳನ್ನು ಪ್ರೀತಿಯಿಂದ ವಿಚಾರಿಸಿರಿ. ಕಿವಿಗೊಡದಿದ್ದರೂ ಬಾಗಿಲು ಮುಚ್ಚದಿರಿ. ಮೋನಿಕಮ್ಮನವರು ಹಲವು ವರ್ಷ ಕಾದರು. ಇಂದು ರಾತ್ರಿ ಕುಟುಂಬದ ಪ್ರಾರ್ಥನೆಯಲ್ಲಿ ಅಂತಹ ಮಗುವಿನ ಹೆಸರನ್ನು ಹಿಡಿದು ಬೇಡೋಣ.